ಅಪ್‌ಡೇಟ್: ಹಳೆಯ ಲೇತ್‌ನ ಚಕ್ ಮತ್ತು ಟೇಲ್‌ಸ್ಟಾಕ್ ಎರಡೂ ಬಿಟ್ಟವು

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ವರ್ಕ್‌ಶಾಪಿನ ಹಳೆಯ ಬೆಲ್ಟ್ ಲೇತ್‌ನ (ಲೋಹದ ತುಂಡನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಚಕ್, ಅಂದರೆ ತುಂಡನ್ನು ಹಿಡಿಯುವ ಭಾಗ, ಅದನ್ನು ತಿರುಗಿಸುವ ದಂಡವಾದ ಸ್ಪಿಂಡಲ್‌ನ ಥ್ರೆಡ್‌ಗೆ ಕಚ್ಚಿಕೊಂಡಿದೆ, ಎದುರು ತುದಿಯ ಆಧಾರವಾದ ಟೇಲ್‌ಸ್ಟಾಕ್‌ನಲ್ಲಿ ಹಿಂದೆ ಮುಂದೆ ಸರಿಯುವ ಸ್ಲೀವ್ ತುಕ್ಕಿನಿಂದ ಜಾಮ್ ಆಗಿದೆ, ಬಿಡಿಸುವುದು ಹೇಗೆ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಎರಡೂ ಈಗ ಬಿಟ್ಟಿವೆ. ಸಲಹೆ ನೀಡಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ಬ್ಯಾಕ್ ಗೇರ್ (ಸ್ಪಿಂಡಲ್‌ನ ವೇಗ ತಗ್ಗಿಸುವ ಗೇರುಗಳು) ಲಾಕ್ ಮಾಡಿ ಚಕ್ ತಿರುಗಿಸಿದರೆ ಎರಕದ ಗೇರಿನ ಹಲ್ಲು ಮುರಿಯಬಹುದು ಎಂದು ಹಿರಿಯ ಟರ್ನರ್ ಒಬ್ಬರು ಕೊಟ್ಟ ಎಚ್ಚರಿಕೆಯೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಆದ್ದರಿಂದ ಸ್ಪಿಂಡಲ್ ಪುಲ್ಲಿಗೆ ಹಳೆಯ ಬೆಲ್ಟಿನ ತುಂಡು ಸುತ್ತಿ, ಮರದ ಕ್ಲ್ಯಾಂಪಿನಿಂದ ಬಿಗಿಹಿಡಿದೆವು. ಅಸಿಟೋನ್ ಮತ್ತು ಎಟಿಎಫ್ ಆಯಿಲನ್ನು (ವಾಹನಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಸಮಪಾಲು ಬೆರೆಸಿ, ಅವು ಬೇಗ ಬೇರ್ಪಡುವುದರಿಂದ ಪ್ರತಿ ಸಲವೂ ಕುಲುಕಿ, ಥ್ರೆಡ್‌ನ ಸಂದಿಗೆ ಹಾಕಿ ರಾತ್ರಿಯಿಡೀ ಬಿಟ್ಟೆವು. ಅಸಿಟೋನ್‌ಗೆ ಕ್ಷಣದಲ್ಲಿ ಬೆಂಕಿ ಹೊತ್ತಿಕೊಳ್ಳುವ ಕಾರಣ, ಮರುದಿನ ಎಲ್ಲವನ್ನೂ ಒರೆಸಿ ಪೂರ್ತಿ ಒಣಗಿಸಿದ ನಂತರವೇ ಹೀಟ್ ಗನ್ನಿನಿಂದ ಚಕ್‌ನ ಹಿಂಬದಿಯಲ್ಲಿ ಸ್ಪಿಂಡಲ್‌ನ ಥ್ರೆಡ್‌ಗೆ ಕೂರುವ ಬ್ಯಾಕ್‌ಪ್ಲೇಟನ್ನು ಮಾತ್ರ ಕಾಯಿಸಿದೆವು. 50 ಮಿ.ಮೀ. ವ್ಯಾಸದ ಎರಕದ ರಂಧ್ರವು 100 ಡಿಗ್ರಿಯಷ್ಟು ಬಿಸಿ ಏರಿದರೆ ಸುಮಾರು 0.05 ಮಿ.ಮೀ. ಹಿಗ್ಗುತ್ತದೆ, ಒಳಗಿನ ಸ್ಪಿಂಡಲ್ ತಣ್ಣಗಿದ್ದರೆ ಅಷ್ಟು ಸಡಿಲವೇ ಸಾಕು. ಚಕ್‌ನ ಜಾ (ತುಂಡನ್ನು ಕಚ್ಚಿ ಹಿಡಿಯುವ ದವಡೆ)ಗಳ ನಡುವೆ ಉದ್ದನೆಯ ರಾಡ್ ಹಿಡಿಸಿ, ಟೇಲ್‌ಸ್ಟಾಕ್ ಕಡೆಯಿಂದ ನೋಡಿದಾಗ ಎಡಕ್ಕೆ (ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ) ತಿರುಗುವಂತೆ ಗಿಡ್ಡ ಪೆಟ್ಟು ಕೊಟ್ಟಾಗ, ಬ್ಯಾಕ್‌ಪ್ಲೇಟಿನ ಅಂಚಿನಿಂದ ಕಂದು ಬಣ್ಣದ ಎಣ್ಣೆ ಜಿನುಗಿ ಚಕ್ ಕದಲಿತು.

ಸ್ಲೀವ್‌ಗೆ ಬಿಸಿ ಬೇಕಾಗಲಿಲ್ಲ. ಲಾಕ್ ಪೂರ್ತಿ ಸಡಿಲಿಸಿ, ಎಣ್ಣೆ ಹಾಕುತ್ತಾ ಹ್ಯಾಂಡ್‌ವೀಲನ್ನು ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಆಡಿಸಿದರೆ ಸಾಕಾಯಿತು. ಸ್ಕ್ರೂವಿನ ತುದಿಗೆ ಸುತ್ತಿಗೆಯ ಪೆಟ್ಟು ಮಾತ್ರ ದಯವಿಟ್ಟು ಯಾರೂ ಕೊಡಬೇಡಿ. ಸ್ಪಿಂಡಲ್ ಬೇರಿಂಗ್‌ಗಳ ಪರೀಕ್ಷೆ ಇನ್ನೂ ಬಾಕಿಯಿದೆ.