@ಕಾಂಪೊನೆಂಟ್ ಹಾಕಿದರೂ ಜಾರ್‌ನ ಮ್ಯಾನಿಫೆಸ್ಟ್ ಖಾಲಿ (ಬಿಎನ್‌ಡಿ + ಮೇವನ್)

ಪ್ರಶ್ನೆ:
ಮೇವನ್‌ನಲ್ಲಿ (ಜಾವಾ ಬಿಲ್ಡ್ ಟೂಲ್) ಒಂದು ಓಎಸ್‌ಜಿಐ ಬಂಡಲ್ (ಜಾವಾ ಮಾಡ್ಯೂಲ್ ಆಗಿ ಬಳಸುವ ಜಾರ್) ಮಾಡುತ್ತಿದ್ದೇನೆ. ಮ್ಯಾನಿಫೆಸ್ಟ್ (ಜಾರ್ ಒಳಗಿನ ವಿವರಗಳ ಫೈಲ್) ಕೈಯಲ್ಲಿ ಬರೆಯುವ ಗೋಜೇ ಬೇಡ ಅಂತ ಕ್ಲಾಸ್ ಮೇಲೆ @ಕಾಂಪೊನೆಂಟ್, ಪ್ಯಾಕೇಜ್-ಇನ್ಫೋದಲ್ಲಿ @ಎಕ್ಸ್‌ಪೋರ್ಟ್, @ವರ್ಶನ್ ಹಾಕಿ, ಬಿಎನ್‌ಡಿ (ಅನೊಟೇಶನ್ ಓದಿ ಮ್ಯಾನಿಫೆಸ್ಟ್ ಬರೆಯುವ ಟೂಲ್) ಮೇವನ್ ಪ್ಲಗಿನ್‌ನ ಬಿಎನ್‌ಡಿ-ಪ್ರೋಸೆಸ್ ಗೋಲ್ ಸೇರಿಸಿದ್ದೇನೆ. ಬಿಲ್ಡ್ ಆಗುತ್ತೆ, ಒಂದು ವಾರ್ನಿಂಗೂ ಇಲ್ಲ. ಕಾರಾಫ್‌ನಲ್ಲಿ (ಬಂಡಲ್ ಓಡಿಸುವ ಸರ್ವರ್) ಬಂಡಲ್ ಆಕ್ಟಿವ್. ಸರ್ವಿಸ್ ಮಾತ್ರ ನಾಪತ್ತೆ. ಜಾರ್ ಬಿಚ್ಚಿದರೆ ಮ್ಯಾನಿಫೆಸ್ಟ್-ವರ್ಶನ್, ಕ್ರಿಯೇಟೆಡ್-ಬೈ, ಜೆಡಿಕೆ ಸಾಲು, ಅಷ್ಟೇ.

ಉತ್ತರ:
ಮೊದಲು ಇಂಪೋರ್ಟ್ ನೋಡಿ. ಹಳೇ ಫೆಲಿಕ್ಸ್ ಎಸ್‌ಸಿಆರ್ (ಎಸ್‌ಸಿಆರ್ ಅಂದರೆ ರನ್‌ಟೈಮ್‌ನಲ್ಲಿ ಕಾಂಪೊನೆಂಟ್‌ಗಳನ್ನು ಎಬ್ಬಿಸುವ ಭಾಗ) ಪ್ಯಾಕೇಜಿನಲ್ಲೂ ಇದೇ ಹೆಸರಿನ @ಕಾಂಪೊನೆಂಟ್ ಇದೆ, ಐಡಿಇ ಸುಮ್ನೆ ಅದನ್ನೇ ಎಳೆದುಕೊಳ್ಳುತ್ತೆ. ಅದಕ್ಕೆ ಬೇರೆ ಪ್ಲಗಿನ್ ಬೇಕು. ಆಮೇಲೆ ಟಾರ್ಗೆಟ್/ಕ್ಲಾಸಸ್/ಮೆಟಾ-ಐಎನ್ಎಫ್ ಒಳಗೆ ಏನಿದೆ ಹೇಳಿ.

ಪ್ರಶ್ನೆ ಕೇಳಿದವರು:
ಇಂಪೋರ್ಟ್ ಓಎಸ್‌ಜಿಐದೇ. ವಿಚಿತ್ರ ಅಂದರೆ, ಟಾರ್ಗೆಟ್‌ನಲ್ಲಿರುವ ಮ್ಯಾನಿಫೆಸ್ಟ್ ಸರಿಯಾಗೇ ಇದೆ! ಸರ್ವಿಸ್-ಕಾಂಪೊನೆಂಟ್, ಎಕ್ಸ್‌ಪೋರ್ಟ್-ಪ್ಯಾಕೇಜ್ ಎಲ್ಲಾ ಬಂದಿದೆ.

ಉತ್ತರ:
ಹಾಗಾದರೆ ಬಿಎನ್‌ಡಿ ತನ್ನ ಕೆಲಸ ಮುಗಿಸಿದೆ. ಈ ಅನೊಟೇಶನ್‌ಗಳು ಕ್ಲಾಸ್ ಫೈಲಿನವರೆಗೆ ಮಾತ್ರ ಉಳಿಯುತ್ತವೆ, ರನ್‌ಟೈಮ್‌ನಲ್ಲಿ ರಿಫ್ಲೆಕ್ಷನ್‌ಗೆ ಸಿಗುವುದಿಲ್ಲ. ಕಂಪೈಲ್ ಆದಮೇಲೆ ಬಿಎನ್‌ಡಿ ಬೈಟ್‌ಕೋಡ್ ಓದಿ ಮ್ಯಾನಿಫೆಸ್ಟನ್ನೂ ಓಎಸ್‌ಜಿಐ-ಐಎನ್ಎಫ್ ಒಳಗಿನ ಎಕ್ಸ್ಎಂಎಲ್ಲನ್ನೂ ಬರೆದಿಡುತ್ತೆ. ಆದರೆ ಜಾರ್ ಕಟ್ಟುವುದು ಮೇವನ್ ಜಾರ್ ಪ್ಲಗಿನ್. ಅದು ಈ ಮ್ಯಾನಿಫೆಸ್ಟನ್ನು ಬಿಟ್ಟು ತನ್ನದೇ ಒಂದನ್ನು ಹಾಕುತ್ತೆ. ಎಕ್ಸ್ಎಂಎಲ್ ಜಾರ್‌ನಲ್ಲಿದ್ದರೂ ಪ್ರಯೋಜನವಿಲ್ಲ, ಎಸ್‌ಸಿಆರ್ ನೋಡುವುದು ಸರ್ವಿಸ್-ಕಾಂಪೊನೆಂಟ್ ಹೆಡರನ್ನ. ಬಂಡಲ್ ಆಕ್ಟಿವ್ ಆಗಿದ್ದೂ ಇದಕ್ಕೇ: ಬಂಡಲ್-ಮ್ಯಾನಿಫೆಸ್ಟ್-ವರ್ಶನ್ ಇಲ್ಲದಿದ್ದರೆ ಹಳೇ ಕಾಲದ ಬಂಡಲ್ ಅಂತ ಲೆಕ್ಕ, ಆಗ ಸಿಂಬಾಲಿಕ್ ನೇಮ್ (ಬಂಡಲ್‌ನ ಗುರುತಿನ ಹೆಸರು) ಕೂಡ ಕಡ್ಡಾಯವಲ್ಲ.

ಜಾರ್ ಪ್ಲಗಿನ್‌ನ ಕಾನ್ಫಿಗರೇಶನ್‌ನಲ್ಲಿ ಆರ್ಕೈವ್ ಒಳಗೆ ಮ್ಯಾನಿಫೆಸ್ಟ್‌ಫೈಲ್ ಅಂತ ಕೊಟ್ಟು ಟಾರ್ಗೆಟ್‌ನಲ್ಲಿರುವ ಆ ಮ್ಯಾನಿಫೆಸ್ಟ್‌ನ ಪಾತ್ ಹಾಕಿ. ಅಥವಾ ಹೊಸ ಬಿಎನ್‌ಡಿ ಪ್ಲಗಿನ್‌ನ ಜಾರ್ ಗೋಲ್ ಬಳಸಿ, ಎಕ್ಸ್‌ಟೆನ್ಶನ್ಸ್ ಟ್ರೂ ಮಾಡುವುದು ಮರೆಯಬೇಡಿ.

ಇನ್ನೊಬ್ಬರು:
ಇಷ್ಟೆಲ್ಲಾ ಯಾಕೆ, ಹತ್ತು ಸಾಲಿನ ಮ್ಯಾನಿಫೆಸ್ಟ್ ಕೈಯಲ್ಲೇ ಬರೆದರೆ ಆಯ್ತಲ್ವಾ?

ಉತ್ತರ:
ಬರೆಯಬಹುದು. ಒಂದು ಸಾಲು 72 ಬೈಟ್ ದಾಟಬಾರದು, ಮುಂದಿನ ಸಾಲು ಒಂದು ಸ್ಪೇಸ್‌ನಿಂದ ಶುರುವಾಗಬೇಕು, ಕೊನೆಯಲ್ಲಿ ಹೊಸ ಸಾಲು ಇಲ್ಲದಿದ್ದರೆ ಕೊನೇ ಹೆಡರ್ ಕೈತಪ್ಪಬಹುದು. ಅದನ್ನೂ ಸಹಿಸಬಹುದು ಬಿಡಿ. ಆದರೆ ಇಂಪೋರ್ಟ್-ಪ್ಯಾಕೇಜ್ (ಕೋಡ್ ಬಳಸುವ ಹೊರಗಿನ ಪ್ಯಾಕೇಜ್‌ಗಳ ಪಟ್ಟಿ)? ಕೋಡ್ ಬದಲಾದಾಗೆಲ್ಲ ಅದನ್ನು ಯಾರು ತಿದ್ದುತ್ತಾರೆ?

ಪ್ರಶ್ನೆ ಕೇಳಿದವರು:
ಮ್ಯಾನಿಫೆಸ್ಟ್‌ಫೈಲ್ ಕೊಟ್ಟಮೇಲೆ ಹೆಡರ್‌ಗಳು ಬಂದವು. ಈಗ ಬಂಡಲ್ ರಿಸಾಲ್ವೇ ಆಗುತ್ತಿಲ್ಲ, ಓಎಸ್‌ಜಿಐ.ಎಕ್ಸ್‌ಟೆಂಡರ್ ಸಿಗಲಿಲ್ಲ ಅಂತ ಎರರ್.

ಉತ್ತರ:
ಒಳ್ಳೇದೇ ಆಯ್ತು. @ಕಾಂಪೊನೆಂಟ್ ಕಂಡು ಬಿಎನ್‌ಡಿಯೇ ರಿಕ್ವೈರ್-ಕೇಪಬಿಲಿಟಿ (ಬಂಡಲ್‌ಗೆ ಏನೇನು ಬೇಕು ಅಂತ ಹೇಳುವ ಹೆಡರ್) ಸೇರಿಸಿದೆ, ಅಂದರೆ ಎಸ್‌ಸಿಆರ್ ಇಲ್ಲದ ಕಡೆ ಈ ಬಂಡಲ್ ಏಳುವುದೇ ಇಲ್ಲ. ಮೊದಲಿನ ಹಾಗೆ ಆಕ್ಟಿವ್ ಅಂತ ಸುಳ್ಳು ಹೇಳುವುದಕ್ಕಿಂತ ಇದು ವಾಸಿ. ಕಾರಾಫ್‌ನಲ್ಲಿ ಎಸ್‌ಸಿಆರ್ ಫೀಚರ್ ಇನ್‌ಸ್ಟಾಲ್ ಮಾಡಿ.

ಪ್ರಶ್ನೆ ಕೇಳಿದವರು:
ಸರ್ವಿಸ್ ಬಂತು, ಥ್ಯಾಂಕ್ಸ್. @ವರ್ಶನ್ ಮಾತ್ರ ಪ್ರತಿ ರಿಲೀಸ್‌ಗೂ ನಾನೇ ಏರಿಸಬೇಕಾ?

ಉತ್ತರ:
ಏರಿಸುವುದು ನೀವೇ, ಆದರೆ ಎಪಿಐ ಬದಲಾದ ಪ್ಯಾಕೇಜ್‌ಗಳಿಗೆ ಮಾತ್ರ. ಬಿಎನ್‌ಡಿ ಬೇಸ್‌ಲೈನ್ ಪ್ಲಗಿನ್ ಹಾಕಿಕೊಳ್ಳಿ. ಅದು ಹಿಂದಿನ ರಿಲೀಸ್‌ನ ಜಾರ್ ಜೊತೆ ಹೋಲಿಸಿ, ವರ್ಶನ್ ಏರಿಸದಿದ್ದರೆ ಬಿಲ್ಡ್ ನಿಲ್ಲಿಸಿ ಎಷ್ಟಕ್ಕೆ ಏರಿಸಬೇಕು ಅಂತಲೂ ಹೇಳುತ್ತೆ.