ರಜೆಗೆ ಕಾದಂಬರಿಗಳ ರಾಶಿ: ಯಾವುದರಿಂದ ಶುರು ಮಾಡಲಿ?

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ ರಜೆ. ನವೆಂಬರ್ ರಿಯಾಯಿತಿಯಲ್ಲಿ ಕೊಂಡ ಕಾದಂಬರಿಗಳು ಹಾಗೇ ಕೂತಿವೆ. ಮಲೆಗಳಲ್ಲಿ ಮದುಮಗಳು, ಪರ್ವ, ಗೃಹಭಂಗ, ಮರಳಿ ಮಣ್ಣಿಗೆ, ಕುಸುಮಬಾಲೆ, ಕರ್ವಾಲೊ, ಫಣಿಯಮ್ಮ. ಮದುಮಗಳು ಒಂದಷ್ಟು ಓದಿ ಬಿಟ್ಟಿದ್ದೇನೆ. ಮನೆಯಲ್ಲಿ ಮಕ್ಕಳ ಗಲಾಟೆ ಬೇರೆ. ಇವನ್ನೆಲ್ಲ ಓದಿದವರು ಹೇಗೆ ಓದಿದಿರಿ, ಹೇಳ್ತೀರಾ?

ಶಿವಮೊಗ್ಗದಿಂದ: ಮೇಡಂ, ದಪ್ಪ ಪುಸ್ತಕದಿಂದ ಶುರು ಮಾಡಬೇಡಿ. ಮೊದಲ ವಾರ ತಲೆ ಇನ್ನೂ ಸ್ಕೂಲಿನಲ್ಲೇ ಇರುತ್ತದೆ. ಫಣಿಯಮ್ಮ ತಗೊಳ್ಳಿ, ಒಂದೆರಡು ಮಧ್ಯಾಹ್ನಕ್ಕೆ ಆಗಿಹೋಗುತ್ತದೆ. ಓದು ಕುದುರಿದ ಮೇಲೆ ಮದುಮಗಳು.

ಅದನ್ನು ಜಾಸ್ತಿ ಜನ ಬಿಡುವುದು ಯಾರು ಯಾವ ಮನೆಯವರು ಅಂತ ಕಲಸಿಹೋಗಿ. ನಾನು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಮನೆಗಳ ಹೆಸರು ಬರೆದುಕೊಂಡೆ. ಕೋಣೂರು ಅಂದರೆ ಮುಕುಂದಯ್ಯ. ಹೂವಳ್ಳಿ ಅಂದರೆ ಚಿನ್ನಮ್ಮ. ಬೆಟ್ಟಳ್ಳಿಗೆ ಕಲ್ಲಯ್ಯಗೌಡರು, ಹಳೆಮನೆಗೆ ಸುಬ್ಬಣ್ಣ ಹೆಗ್ಗಡೆ. ಪ್ರತಿ ಮನೆಯ ಕೆಳಗೆ ಅಲ್ಲಿಯ ಆಳುಗಳು. ಹೊಸಬರು ಬಂದಾಗ ಒಂದು ಹೆಸರು ಸೇರಿಸುವುದು, ಅಷ್ಟೇ. ಹಾಳೆ ಪುಸ್ತಕದೊಳಗೇ ಮಡಚಿಟ್ಟಿರಿ. ಸ್ವಲ್ಪ ದಿನಕ್ಕೆ ತೆಗೆದು ನೋಡುವ ಕೆಲಸವೇ ಇರುವುದಿಲ್ಲ.

ಇನ್ನೊಂದು ಮಾತು. ಒಬ್ಬ ನಾಯಕನನ್ನು ಹುಡುಕಬೇಡಿ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಹೊರಟ ಅಂತ ನಾವು ಅವನ ಹಿಂದೆ ಹೋದರೆ, ಕಥೆ ಅವನನ್ನು ಅಲ್ಲೇ ಬಿಟ್ಟು ಇನ್ಯಾರದೋ ಜಗಲಿ ಹತ್ತುತ್ತದೆ. ನೀವೂ ಹತ್ತಿ ಕೂತುಬಿಡಿ. ಗುತ್ತಿ ಮತ್ತೆ ಸಿಗುತ್ತಾನೆ.

ಹಾಸನದಿಂದ: ನನ್ನದು ಪೂರ್ತಿ ಉಲ್ಟಾ. ದಪ್ಪದ್ದೇ ಮೊದಲು. ಮೇ ಬಂತು ಅಂದರೆ ಮದುವೆ, ಗೃಹಪ್ರವೇಶ, ನೆಂಟರು, ಹಪ್ಪಳ ಸಂಡಿಗೆ. ಆಗ ಪರ್ವ ಓದೋಕಾಗುತ್ತಾ? ಅದು ಶಲ್ಯನ ಮನೆಯಿಂದ ಶುರುವಾಗುತ್ತದೆ. ಮುಂದೆ ಕುಂತಿ, ಭೀಮ, ದ್ರೌಪದಿ ಅಂತ ಒಬ್ಬೊಬ್ಬರ ನೆನಪು. ಒಬ್ಬರ ಭಾಗ ಮುಗಿಸಿಯೇ ಕೆಳಗಿಡಿ. ನಡುವೆ ಬಿಟ್ಟರೆ ಇದು ಈಗಿನ ಮಾತೋ ಹಿಂದಿನದೋ ಅಂತ ಎಳೆ ತಪ್ಪುತ್ತದೆ.

ಕುಂದಾಪುರದಿಂದ: ಯಾವುದು ಮೊದಲು ಅನ್ನುವುದಕ್ಕಿಂತ ಯಾವುದರ ಪಕ್ಕ ಯಾವುದು ಅಂತ ನೋಡಿ. ಗೃಹಭಂಗ ಮುಗಿಸಿದ ಕೂಡಲೇ ಮರಳಿ ಮಣ್ಣಿಗೆ ಬೇಡ. ಅಲ್ಲಿ ನಂಜಮ್ಮ, ಪ್ಲೇಗು. ಇಲ್ಲಿ ಪಾರೋತಿ, ಸರಸೋತಿ, ಆಮೇಲೆ ನಾಗವೇಣಿ. ಎರಡರಲ್ಲೂ ಗಂಡಸರು ಮಾಡಿದ್ದನ್ನು ಹೆಂಗಸರು ಹೊರಬೇಕು. ಸಾಲಾಗಿ ಓದಿದರೆ ಎರಡನೆಯದು ಎಷ್ಟು ಒಳ್ಳೆಯದಿದ್ದರೂ ಮನಸ್ಸು ಇಳಿಯುವುದಿಲ್ಲ. ನಮ್ಮ ಕಡೆಯ ಕಥೆ, ಅದಕ್ಕೆ ಅನ್ಯಾಯ ಆಗಬಾರದು ಅಂತ ನನ್ನ ಆಸೆ! ನಡುವೆ ಕರ್ವಾಲೊ ಹಾಕಿ. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಬಿದ್ದ ಗುಂಪು ಅದು. ಮಂದಣ್ಣ ಬಂದ ಅಂದರೆ ನಗು ತಾನಾಗಿ ಬರುತ್ತದೆ.

ಧಾರವಾಡದಿಂದ: ಕುಸುಮಬಾಲೆ ತೆಳ್ಳಗಿದೆ ಅಂತ ಹಗುರ ಅಂದುಕೊಳ್ಳಬೇಡಿ. ನಂಜನಗೂಡು ಕಡೆಯ ಆಡುಮಾತು. ನಮಗೆ ಮೊದಲ ಪುಟವೇ ಹತ್ತಲಿಲ್ಲ. ಚಾಮರಾಜನಗರದ ಗೆಳತಿ ಫೋನಿನಲ್ಲಿ ಓದಿ ಕೇಳಿಸಿದಳು. ಕಣ್ಣಿಗೆ ಸಿಗದ್ದು ಕಿವಿಗೆ ಸಿಕ್ಕಿತು. ಬಾಯಿಬಿಟ್ಟು ಓದಿ ಮೇಡಂ. ಮಕ್ಕಳ ಗಲಾಟೆ ಇದ್ದರೂ ಇದೊಂದಕ್ಕೆ ತೊಂದರೆ ಇಲ್ಲ, ನೀವೂ ಗಲಾಟೆ ಮಾಡುತ್ತಿರುತ್ತೀರಿ.

ತುಮಕೂರಿನಿಂದ: ನಾನೂ ಟೀಚರ್. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೆಸರು ಬಂದರೆ ಈ ಲೆಕ್ಕವೆಲ್ಲ ತಲೆಕೆಳಗು. ಹಾಗೇನಾದರೂ ಆದರೆ ಬಸ್ಸಿಗೆ ಫಣಿಯಮ್ಮ, ಕರ್ವಾಲೊ ಇರಲಿ. ಪರ್ವ ಬ್ಯಾಗಿಗೆ ಹಾಕಿಕೊಂಡರೆ ಊಟದ ಡಬ್ಬಿಗೆ ಜಾಗ ಇರಲ್ಲ.