ಒಮಾನ್‌ನಲ್ಲಿ ಸಂಸಾರ: ಮಸ್ಕತ್‌ನಲ್ಲೋ, ನಿಜ್ವಾದಲ್ಲೋ?

ಪ್ರಶ್ನೆ: ನಮ್ಮ ಯಜಮಾನರಿಗೆ ಒಮಾನ್‌ನ ನಿಜ್ವಾ ಪಟ್ಟಣದ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿದೆ. ಮಗಳನ್ನು ಆರನೆಯ ತರಗತಿಗೆ ಸೇರಿಸಬೇಕು. ನಾವಿಬ್ಬರೂ ಮಸ್ಕತ್‌ನಲ್ಲಿದ್ದು, ಅವರು ವಾರಕ್ಕೊಮ್ಮೆ ಬಂದುಹೋಗುವುದು ಒಳ್ಳೆಯದೇ? ಅಲ್ಲಿದ್ದು ಬಲ್ಲವರು ದಯವಿಟ್ಟು ತಿಳಿಸಿ.

ನಿಜ್ವಾದಲ್ಲಿ ಇದ್ದವರು: ಮೇಡಂ, ಎರಡು ಕಡೆ ಮನೆ ಹೂಡುವ ಅಗತ್ಯ ನನಗೆ ಕಾಣುವುದಿಲ್ಲ. ನಡುವಿನ ದೂರ ಸುಮಾರು 160 ಕಿ.ಮೀ.; ಹೆದ್ದಾರಿ ಬಹಳ ಚೆನ್ನಾಗಿದೆ. ಆದರೂ ಅಲ್ಲಿನ ವಾರದ ರಜೆ ಶುಕ್ರವಾರ ಮತ್ತು ಶನಿವಾರವಾದ್ದರಿಂದ, ಗುರುವಾರ ಸಂಜೆ ಕೆಲಸ ಮುಗಿಸಿ ಹೊರಟು ಶನಿವಾರ ರಾತ್ರಿ ಮರಳುವ ಓಡಾಟ ಬೇಗನೆ ಸಾಕೆನಿಸುತ್ತದೆ. ನಿಜ್ವಾದಲ್ಲಿ ಸಿಬಿಎಸ್‌ಇ ಪಠ್ಯಕ್ರಮದ ಇಂಡಿಯನ್ ಸ್ಕೂಲ್ ಇದೆ. ಮನೆ ನೋಡುವ ಮೊದಲು ಅಲ್ಲಿ ಸೀಟು ಗಟ್ಟಿಮಾಡಿಕೊಳ್ಳಿ. ಊರು ಸಂಪ್ರದಾಯಸ್ಥವಾದದ್ದು, ಹಿಂದೆ ಇಮಾಮರ, ಅಂದರೆ ಆಳ್ವಿಕೆಯನ್ನೂ ನಡೆಸಿದ ಧರ್ಮನಾಯಕರ, ರಾಜಧಾನಿಯಾಗಿದ್ದದ್ದು. ಭುಜ, ಮೊಣಕಾಲು ಮುಚ್ಚುವ ಉಡುಪಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಶುಕ್ರವಾರ ಬೆಳಿಗ್ಗೆ 17ನೆಯ ಶತಮಾನದ ಕೋಟೆಯ ಬಳಿ ಆಡಿನ ಸಂತೆ ನೆರೆಯುತ್ತದೆ. ಮಾರುವವರು ಆಡುಗಳನ್ನು ಹಗ್ಗ ಹಿಡಿದು ವೃತ್ತಾಕಾರವಾಗಿ ನಡೆಸುತ್ತಾ ಬೆಲೆ ಕೂಗಿದರೆ, ಕೊಳ್ಳುವವರು ಕೈಮಾಡಿ ನಿಲ್ಲಿಸಿ, ಬಾಯಿ ತೆರೆಸಿ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಆಮೇಲೆ ಚೌಕಾಸಿಗಿಳಿಯುತ್ತಾರೆ. ಮಗಳಿಗೆ ಖಂಡಿತ ತೋರಿಸಿ.

ಮಸ್ಕತ್‌ನ ರೂವಿ ಬಡಾವಣೆಯಲ್ಲಿರುವವರು: ಹಿಂದಿನವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ನೀವೂ ಕೆಲಸ ಹುಡುಕುವ ಯೋಚನೆಯಲ್ಲಿದ್ದರೆ ಮಸ್ಕತ್ತೇ ಮೇಲು. ಆದರೆ ಮಸ್ಕತ್ ಎಂದರೆ ಬೆಟ್ಟಕ್ಕೂ ಕಡಲಿಗೂ ನಡುವೆ ಮತ್ರಾದಿಂದ ಸೀಬ್‌ವರೆಗೆ ಉದ್ದಕ್ಕೆ ಹಬ್ಬಿದ ಬಡಾವಣೆಗಳ ಸಾಲು. ಶಾಲೆ ಒಂದು ತುದಿಯಲ್ಲಿ, ಮನೆ ಇನ್ನೊಂದು ತುದಿಯಲ್ಲಿ ಆಗದಂತೆ ನೋಡಿಕೊಳ್ಳಿ. ರೂವಿಯಲ್ಲಿ ನಮ್ಮ ಕಡೆಯ ದಿನಸಿ, ದೋಸೆ ಎಲ್ಲವೂ ಕಾಲ್ನಡಿಗೆಯಲ್ಲೇ ಸಿಗುತ್ತವೆ. ನಿಜ್ವಾದಲ್ಲಿ ಕಾರಿಲ್ಲದೆ ಕಷ್ಟ, ಹಾಗಾಗಿ ಒಮಾನಿ ಲೈಸೆನ್ಸಿಗೆ ನೀವೂ ಪ್ರಯತ್ನಿಸಿ.

ಒಮಾನ್‌ನ ಸೂರ್ ಪಟ್ಟಣದಲ್ಲಿ ಇದ್ದವರು: ಎರಡು ಮಾತು ಸೇರಿಸುತ್ತೇನೆ. ಬಾಡಿಗೆ ಕರಾರು ಬಲದಿಯಾದಲ್ಲಿ, ಅಂದರೆ ಅಲ್ಲಿನ ಪುರಸಭೆಯಲ್ಲಿ, ನೋಂದಣಿಯಾಗಲೇಬೇಕು; ಮನೆಯ ಮಾಲೀಕರು ಎಷ್ಟೇ ಒಳ್ಳೆಯವರಾಗಿದ್ದರೂ ಬಾಯಿಮಾತಿಗೆ ಒಪ್ಪಬೇಡಿ. ವಾದಿಗಳು, ಎಂದರೆ ಬಹುಕಾಲ ಒಣಗಿಯೇ ಇರುವ ಹಳ್ಳಗಳು, ಬೆಟ್ಟದಲ್ಲಿ ಮಳೆಯಾದರೆ ಊರಲ್ಲಿ ಬಿಸಿಲಿದ್ದಾಗಲೂ ಉಕ್ಕಿ ಬರುತ್ತವೆ. ನೀರು ಹರಿಯುತ್ತಿರುವ ವಾದಿಗೆ ಕಾರು ಇಳಿಸಿದರೆ ಜೀವಕ್ಕೂ ಅಪಾಯ, ಕಾನೂನಿನಲ್ಲಿ ಶಿಕ್ಷೆಯೂ ಇದೆ.